ಘಟ್ಟದ ಬುಡದ ಊರಿಗೊಂದು ಗಣಿತ ಸಂಘ

ಸಂಘ ಕಟ್ಟುವುದು ನಮ್ಮ ಸಮಾಜಕ್ಕೆ ಹೊಸ ವಿಷಯವಲ್ಲ. ಊರೂರಿನಲ್ಲಿ ಅಕ್ಕನ ಬಳಗಗಳಿವೆ, ಬಸವ ಸಮಿತಿಗಳಿವೆ, ಪ್ರಸಾದ ನಿಲಯಗಳ ಆಡಳಿತ ಮಂಡಳಿಗಳಿವೆ, ಪತ್ತಿನ ಸಹಕಾರಿ ಸಂಘಗಳಿವೆ. ಶಿವಾನುಭವ ಗೋಷ್ಠಿಯನ್ನು ತಪ್ಪದೆ ನಡೆಸಿಕೊಂಡು ಬಂದ ಮಠಗಳೂ ಅನೇಕ. ಆದರೆ ಗಣಿತಕ್ಕಾಗಿ ಒಂದು ಸಂಘ ಎಂದೊಡನೆ ಕೇಳಿದವರು ಕ್ಷಣಕಾಲ ಸುಮ್ಮನಾಗುತ್ತಾರೆ. ಸಾಹಿತ್ಯಕ್ಕೆ ಸಂಘ ಬೇಕು, ಸಂಗೀತಕ್ಕೆ ಸಭೆ ಬೇಕು. ಗಣಿತಕ್ಕೆ ಪರೀಕ್ಷೆಯೊಂದಿದ್ದರೆ ಸಾಕು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ.

ಈ ವಿಷಯವನ್ನು ಕುಟುಂಬಗಳ ಮಾಸಪತ್ರಿಕೆಯಲ್ಲಿ ಪ್ರಸ್ತಾಪಿಸುವುದಕ್ಕೆ ಕಾರಣವಿದೆ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳ ಎಷ್ಟೋ ಶರಣ ಕುಟುಂಬಗಳ ಮಕ್ಕಳು ಶಿಕ್ಷಕರಾಗಿ ನೇಮಕಗೊಂಡು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಶಾಲೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಎರೆಮಣ್ಣಿನ ಬಯಲಿನಲ್ಲಿ ಬೆಳೆದ ತರುಣ ಅಥವಾ ತರುಣಿ, ಅಡಿಕೆ ತೋಟಗಳ ನಡುವಿನ ಹಂಚಿನ ಮಾಡಿನ ಬಾಡಿಗೆ ಕೋಣೆಯಲ್ಲಿ, ಹೊರಗೆ ಧೋ ಎಂದು ಸುರಿಯುವ ಮಳೆಯ ಸದ್ದಿನಲ್ಲಿ ಇಷ್ಟಲಿಂಗ ಪೂಜೆ ಮುಗಿಸಿ ಶಾಲೆಗೆ ಹೊರಡುವ ದೃಶ್ಯ ಅಲ್ಲಿ ಅಪರೂಪದ್ದಲ್ಲ. ತರಗತಿಯಲ್ಲಿ ಎದುರಿಗೆ ಕುಳಿತ ಮಕ್ಕಳು ಮನೆಯಲ್ಲಿ ತುಳುವಿನಲ್ಲಿ ಒಂಜಿ, ರಡ್ಡ್, ಮೂಜಿ ಎಂದು ಎಣಿಸುವವರು. ಕೆಲವರು ಮಲಯಾಳದಲ್ಲಿ ಎಣಿಸುವವರು. ಗಣಿತದ ಶಿಕ್ಷಕರು ಶಾಲೆಗೆ ಬಹುಪಾಲು ಒಬ್ಬರೇ. ಪಾಠದಲ್ಲಿ ತೊಡಕು ಬಂದಾಗ ಕೇಳಲು ಪಕ್ಕದ ಕೋಣೆಯಲ್ಲಿ ಮತ್ತೊಬ್ಬ ಗಣಿತಜ್ಞನಿಲ್ಲ. ಈ ಒಂಟಿತನವನ್ನು ಕುರಿತು ಯಾರೂ ವರದಿ ಬರೆಯುವುದಿಲ್ಲ. ಅದರ ಫಲ ಮಾತ್ರ ಹತ್ತನೆಯ ತರಗತಿಯ ಫಲಿತಾಂಶದ ದಿನ, ಮಗುವಿನ ಅಂಕಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಬೆಳ್ತಂಗಡಿ ತಾಲ್ಲೂಕಿನ ನೆರಿಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಉಜಿರೆಯಿಂದ ಚಾರ್ಮಾಡಿ ಘಟ್ಟದ ಕಡೆಗೆ ಸಾಗುವ ಹೆದ್ದಾರಿಯನ್ನು ಬಿಟ್ಟು ಒಳಗೆ ಹೋದರೆ ಸಿಗುವ, ಪಶ್ಚಿಮ ಘಟ್ಟಗಳಿಗೆ ಬೆನ್ನು ಕೊಟ್ಟು ನಿಂತ ಊರು ಅದು. ಅಡಿಕೆ, ತೆಂಗು, ರಬ್ಬರ್ ಅಲ್ಲಿನ ಬೆಳೆ. ಊರಿನ ಹೆಸರನ್ನೇ ಹೊತ್ತ ಹೊಳೆಯ ನೀರು ನೇತ್ರಾವತಿಯನ್ನು ಸೇರುತ್ತದೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಪೆಟ್ರೋಲಿಯಂ ಸಾಗಿಸುವ ಕೊಳವೆ ಮಾರ್ಗಕ್ಕೆ, ಘಟ್ಟವನ್ನೇರುವ ಮುನ್ನ ಬಲ ತುಂಬುವ ಪಂಪಿಂಗ್ ಕೇಂದ್ರವೂ ನೆರಿಯದಲ್ಲಿದೆ. ತೈಲವನ್ನು ಘಟ್ಟ ಹತ್ತಿಸುವ ಯಂತ್ರವಿರುವ ಊರಿನಲ್ಲಿ ಒತ್ತಡ, ಎತ್ತರ, ವೇಗಗಳ ಲೆಕ್ಕ ಮಕ್ಕಳಿಗೆ ದೂರದ ಮಾತಾಗಬೇಕಿಲ್ಲ. ಆದರೆ ಮಳೆಗಾಲದಲ್ಲಿ ಇಂತಹ ಊರುಗಳಿಂದ ಒಬ್ಬ ಶಿಕ್ಷಕ ತಾಲ್ಲೂಕು ಕೇಂದ್ರದ ಸಭೆಗೆ ಹೋಗಿ ಅಂದೇ ಮರಳುವುದು ಸುಲಭವಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿಹೋದುದನ್ನು ಆ ಭಾಗದವರು ಮರೆತಿಲ್ಲ. ಇಂತಹ ಸ್ಥಳದಲ್ಲಿ ಒಂದು ಪ್ರಾದೇಶಿಕ ಗಣಿತ ಸಂಘ ಬದುಕಿ ಉಳಿಯಬೇಕಾದರೆ ಅದು ಹೇಗಿರಬೇಕು?

ಅಂಚೆಯಲ್ಲಿ ಹುಟ್ಟಿದ ಸಂಘ

ಈ ಪ್ರಶ್ನೆಗೆ ಉತ್ತರ ನೂರು ವರ್ಷಗಳಿಗೂ ಹಿಂದಿನ ಒಂದು ಪತ್ರದಲ್ಲಿದೆ. 1906ರ ಡಿಸೆಂಬರ್ 25ರಂದು ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ತಮ್ಮ ಗಣಿತಾಸಕ್ತ ಮಿತ್ರರಿಗೆ ಒಂದು ಪತ್ರ ಬರೆದರು. ಹೊಸ ಗಣಿತ ಗ್ರಂಥಗಳೂ ವಿದೇಶೀ ನಿಯತಕಾಲಿಕೆಗಳೂ ಒಬ್ಬೊಬ್ಬರಿಗೆ ದೊರೆಯುವುದು ಕಷ್ಟವಾಗಿದೆ. ಎಲ್ಲರೂ ಸೇರಿ ಚಂದಾ ಹಾಕಿ ತರಿಸಿ, ಒಬ್ಬರಿಂದ ಒಬ್ಬರಿಗೆ ಕಳುಹಿಸಿಕೊಳ್ಳೋಣ ಎಂಬುದು ಅದರ ಸಾರಾಂಶ. ಉತ್ತರಗಳು ಬಂದವು. 1907ರ ಏಪ್ರಿಲ್ 4ರಂದು ಇಪ್ಪತ್ತು ಮಂದಿ ಸದಸ್ಯರಿಂದ 'ಅನಲಿಟಿಕ್ ಕ್ಲಬ್' ಆರಂಭವಾಯಿತು. ಅದೇ ಮುಂದೆ 1910ರಲ್ಲಿ 'ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ' ಎಂಬ ಹೆಸರನ್ನು ಪಡೆಯಿತು. ಸಂಘದ ಗ್ರಂಥಭಂಡಾರ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿತ್ತು. ಅಲ್ಲಿಂದ ಪುಸ್ತಕಗಳು ಅಂಚೆಯ ಮೂಲಕ ಸದಸ್ಯರ ಮನೆಗಳಿಗೆ ಹೋಗಿ ಮರಳುತ್ತಿದ್ದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಸಂಘದ ಮೊದಲ ಸಮ್ಮೇಳನ ನಡೆದುದು 1916ರಲ್ಲಿ, ಮದರಾಸಿನಲ್ಲಿ. ಅಂದರೆ ಒಂಬತ್ತು ವರ್ಷಗಳ ಕಾಲ ಸಮ್ಮೇಳನವೇ ಇಲ್ಲದೆ ಸಂಘ ನಡೆಯಿತು. ನಡೆದುದು ಮಾತ್ರವಲ್ಲ, ಬೆಳೆಯಿತು. ನಮ್ಮ ಇಂದಿನ ಸಂಘಗಳು ಉದ್ಘಾಟನಾ ಸಮಾರಂಭದಿಂದ ಆರಂಭವಾಗಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತವೆ. ಅವರು ಪುಸ್ತಕದ ಕಟ್ಟಿನಿಂದ ಆರಂಭಿಸಿದರು. ವೇದಿಕೆ ಆಮೇಲೆ ಬಂತು.

ಸಂಘದ ಪತ್ರಿಕೆಯ ಕಥೆ ನಮ್ಮ ನಾಡಿಗೆ ಇನ್ನೂ ಹತ್ತಿರದ್ದು. 1909ರಿಂದ 1927ರವರೆಗೆ ಅದರ ಸಂಪಾದಕರಾಗಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಎಂ. ಟಿ. ನಾರಣಯ್ಯಂಗಾರ್ಯರು. ಶ್ರೀನಿವಾಸ ರಾಮಾನುಜನ್ ಅವರ ಮೊದಲ ಸಂಶೋಧನ ಲೇಖನ, ಬರ್ನೂಲಿ ಸಂಖ್ಯೆಗಳನ್ನು ಕುರಿತದ್ದು, 1911ರಲ್ಲಿ ಪ್ರಕಟವಾದುದು ಈ ಪತ್ರಿಕೆಯಲ್ಲಿಯೇ. ರಾಮಾನುಜನ್ ಅವರ ಬರವಣಿಗೆ ಅತಿ ಸಂಕ್ಷಿಪ್ತವಾಗಿತ್ತು. ಸಾಮಾನ್ಯ ಓದುಗನಿಗೆ ಅದು ತಿಳಿಯುವಂತಿರಲಿಲ್ಲ. ಸಂಪಾದಕರು ಅದನ್ನು ಬುಟ್ಟಿಗೆ ಎಸೆಯಲಿಲ್ಲ. ಇದ್ದಂತೆಯೇ ಅಚ್ಚುಹಾಕಲೂ ಇಲ್ಲ. ತಿದ್ದಿ ಬರೆಯುವಂತೆ ಮರಳಿ ಕಳುಹಿಸಿದರು, ಬಂದುದನ್ನು ಮತ್ತೆ ಓದಿದರು, ಮತ್ತೆ ಕೇಳಿದರು. ಹೊರಗೆ ಕಾಣಿಸದ ಈ ಕೆಲಸಕ್ಕೆ ಬೇಕಾದ ತಾಳ್ಮೆ ಎಷ್ಟೆಂಬುದನ್ನು ಪತ್ರಿಕೆ ನಡೆಸಿದವರೇ ಬಲ್ಲರು.

ಆ ಪತ್ರಿಕೆಯಲ್ಲಿ ಸದಸ್ಯರು ಪರಸ್ಪರ ಪ್ರಶ್ನೆ ಕೇಳುವ ಒಂದು ವಿಭಾಗವಿತ್ತು. ರಾಮಾನುಜನ್ ಅದರಲ್ಲಿ ಒಂದು ಪ್ರಶ್ನೆಯನ್ನು ಕಳುಹಿಸಿದ್ದರು. ವರ್ಗಮೂಲದೊಳಗೆ ಒಂದು ಕೂಡಿಸು ಎರಡು ಗುಣಿಸು ಇನ್ನೊಂದು ವರ್ಗಮೂಲ. ಅದರೊಳಗೆ ಒಂದು ಕೂಡಿಸು ಮೂರು ಗುಣಿಸು ಮತ್ತೊಂದು ವರ್ಗಮೂಲ. ಹೀಗೆ ಕೊನೆಯಿಲ್ಲದೆ ಸಾಗಿದರೆ ಒಟ್ಟು ಬೆಲೆಯೆಷ್ಟು? ಆರು ತಿಂಗಳು ಕಳೆದರೂ ಯಾರೂ ಬಿಡಿಸಲಿಲ್ಲ. ಕೊನೆಗೆ ಅವರೇ ಉತ್ತರ ಕೊಟ್ಟರು. ಉತ್ತರ 3. ಅದರ ಒಳಗುಟ್ಟನ್ನು ಪ್ರೌಢಶಾಲೆಯ ಮಗುವೂ ಕಾಣಬಹುದು. ಯಾವ ಸಂಖ್ಯೆಯ ವರ್ಗವಾದರೂ ಅದರ ಅಕ್ಕಪಕ್ಕದ ಎರಡು ಸಂಖ್ಯೆಗಳ ಗುಣಲಬ್ಧಕ್ಕಿಂತ ಒಂದು ಹೆಚ್ಚು. 3ರ ವರ್ಗ 9, ಅಂದರೆ 1 + 2 × 4. ಆ 4ರ ವರ್ಗ 16, ಅಂದರೆ 1 + 3 × 5. ಆ 5ರ ವರ್ಗ 25, ಅಂದರೆ 1 + 4 × 6. ಒಂದರ ಒಳಗೊಂದು ಬಾಗಿಲು ತೆರೆಯುತ್ತ ಹೋಗುತ್ತದೆ. ಕೊನೆಯಿಲ್ಲದ ಲೆಕ್ಕಕ್ಕೆ ಕಟ್ಟುನಿಟ್ಟಾದ ಸಾಧನೆ ಇನ್ನೂ ಬೇಕು ಎಂಬುದು ನಿಜ. ಆದರೆ ಮಗುವಿನ ಕಣ್ಣು ಅರಳುವುದಕ್ಕೆ ಇಷ್ಟು ಸಾಕು.

ಮದರಾಸಿನ ಬಂದರು ಕಚೇರಿಯಲ್ಲಿ 1912ರಲ್ಲಿ ರಾಮಾನುಜನ್ ಗುಮಾಸ್ತರಾಗಿ ಸೇರಿದಾಗ ಅಲ್ಲಿನ ಹಿರಿಯ ಲೆಕ್ಕಾಧಿಕಾರಿಯಾಗಿದ್ದ ಎಸ್. ನಾರಾಯಣ ಅಯ್ಯರ್ ಈ ಸಂಘದ ಖಜಾಂಚಿಯೂ ಆಗಿದ್ದರು. ಹಗಲು ಕಚೇರಿ, ಸಂಜೆ ಇಬ್ಬರೂ ಸ್ಲೇಟು ಹಿಡಿದು ಗಣಿತ. ಖಜಾಂಚಿಯಾದವನು ರಶೀದಿ ಪುಸ್ತಕಕ್ಕೆ ಮಾತ್ರ ಸೀಮಿತನಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಮ್ಮವರಲ್ಲಿ ಗಣಿತ

ಗಣಿತದ ಜನ ಸಂಸ್ಥೆ ನಡೆಸಲಾರರು ಎಂದು ಹೇಳುವವರಿಗೆ ಡಾ. ಡಿ. ಸಿ. ಪಾವಟೆ ಅವರ ಬದುಕು ಉತ್ತರವಾಗಿ ನಿಂತಿದೆ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಅವರು ಧಾರವಾಡದಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಗಣಿತ ವ್ಯಾಸಂಗ ಮಾಡಿ ರ‍್ಯಾಂಗ್ಲರ್ ಎನಿಸಿದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆ ಆವರಣ ಇಂದಿಗೂ ಪಾವಟೆ ನಗರವೆಂದೇ ಕರೆಯಿಸಿಕೊಳ್ಳುತ್ತಿದೆ. ಆಮೇಲೆ 1973ರವರೆಗೆ ಪಂಜಾಬಿನ ರಾಜ್ಯಪಾಲರಾಗಿದ್ದರು. ಅವರ ಭಾವಚಿತ್ರವನ್ನು ಗೋಡೆಗೆ ಹಾಕಿದ ಎಷ್ಟೋ ಸಂಸ್ಥೆಗಳಲ್ಲಿ ಅವರು ಮೂಲತಃ ಗಣಿತಜ್ಞರೆಂಬುದನ್ನು ಮಕ್ಕಳಿಗೆ ಹೇಳುವವರು ಕಡಿಮೆ ಎಂಬುದು ನನ್ನ ಅನಿಸಿಕೆ. ಇನ್ನೂ ಹಿಂದಕ್ಕೆ ಹೋದರೆ, ಶರಣರ ಶತಮಾನವಾದ ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನೆಂಬ ಜೈನ ಕವಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಿದ್ದಾನೆ. ಲೆಕ್ಕವನ್ನು ಕನ್ನಡದಲ್ಲಿ ಹೇಳಲಾಗದು ಎಂಬ ನೆವ ಅಂದಿಗೇ ಸುಳ್ಳಾಗಿದೆ.

ದಿನ ಗೊತ್ತುಮಾಡುವ ಕಷ್ಟ

ಸಂಘದ ಕಾರ್ಯದರ್ಶಿಯ ಮೊದಲ ಪರೀಕ್ಷೆ ಪಂಚಾಂಗದಲ್ಲಿದೆ. ಬೆಳ್ತಂಗಡಿಯಂತಹ ತಾಲ್ಲೂಕಿನಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಸಭೆ ಕರೆಯುವುದೆಂದರೆ ಅರ್ಧದಷ್ಟು ಕುರ್ಚಿಗಳನ್ನು ಖಾಲಿ ಬಿಡಲು ಒಪ್ಪಿದಂತೆ. ಶನಿವಾರ ಅರ್ಧ ದಿನದ ಶಾಲೆ, ಮಧ್ಯಾಹ್ನ ಸೇರೋಣ ಎನ್ನಬಹುದು. ಆದರೆ ಮಳೆಗಾಗಿ ಕೊಟ್ಟ ರಜೆಯನ್ನು ಸರಿದೂಗಿಸಲು ಆಮೇಲಿನ ಶನಿವಾರಗಳಲ್ಲಿ ಪೂರ್ಣ ದಿನದ ತರಗತಿ ನಡೆಯುತ್ತದೆ. ಗೊತ್ತುಮಾಡಿದ ಸಭೆ ಅಲ್ಲಿಗೇ ಬಿದ್ದುಹೋಗುತ್ತದೆ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವದ ದಿನಗಳಲ್ಲಿ ಆ ಭಾಗದ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಜನವರಿಯ ನಂತರ ಹತ್ತನೆಯ ತರಗತಿಯ ಶಿಕ್ಷಕರನ್ನು ಯಾವ ಸಭೆಗೂ ಎಳೆಯಬಾರದು. ಬೇಸಿಗೆ ರಜೆಯಲ್ಲಿ ಬಯಲುಸೀಮೆಯ ಶಿಕ್ಷಕರು ತಮ್ಮ ಊರಿಗೆ ಹೋಗಿರುತ್ತಾರೆ. ಬಸವ ಜಯಂತಿಗೆ ಊರಿನಲ್ಲಿಲ್ಲದಿದ್ದರೆ ತಂದೆತಾಯಿಗಳು ಬಿಡುವುದೂ ಇಲ್ಲ.

ಹೀಗೆ ಕಳೆಯುತ್ತ ಬಂದರೆ ಉಳಿಯುವುದು ಮೂರೇ ಮೂರು ದಿನ. ಶಾಲೆ ಆರಂಭವಾದೊಡನೆ, ಮಳೆ ಬಲಿಯುವ ಮೊದಲು ಒಂದು ಸಭೆ. ಅದರಲ್ಲಿ ವರ್ಷದ ಕೆಲಸ ಹಂಚಿಕೊಳ್ಳುವುದು. ಮಳೆ ಹಿಂದೆಗೆದ ಮೇಲೆ ಅಕ್ಟೋಬರ್ ಕೊನೆಗೆ ಅಥವಾ ನವೆಂಬರ್ ಆರಂಭಕ್ಕೆ ಎರಡನೆಯದು, ದೀಪಾವಳಿಯ ದಿನಗಳನ್ನು ನೋಡಿಕೊಂಡು. ಮೂರನೆಯದು ರಾಮಾನುಜನ್ ಅವರ ಜನ್ಮದಿನವಾದ ಡಿಸೆಂಬರ್ 22ರ ಆಸುಪಾಸು. 2012ರಿಂದ ಆ ದಿನ ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸಲ್ಪಡುತ್ತಿರುವುದರಿಂದ ಶಾಲೆಗಳಿಂದ ಅನುಮತಿ ಪಡೆಯುವುದೂ ಸುಲಭ. ವರ್ಷಕ್ಕೆ ಹನ್ನೆರಡು ಸಭೆ ಎಂದು ನಿಯಮಾವಳಿಯಲ್ಲಿ ಬರೆದು ನಾಲ್ಕನ್ನು ನಡೆಸುವುದಕ್ಕಿಂತ, ಮೂರು ಎಂದು ಬರೆದು ಮೂರನ್ನೂ ನಡೆಸುವುದು ಮೇಲು.

ಉಳಿದ ತಿಂಗಳುಗಳಲ್ಲಿ ಸಂಘ ನಿದ್ರಿಸಬೇಕೆಂದು ಇದರ ಅರ್ಥವಲ್ಲ. ಗುತ್ತಿಯ ಡೆಪ್ಯುಟಿ ಕಲೆಕ್ಟರರ ಉಪಾಯ ಇಲ್ಲಿಗೇ ಒಪ್ಪುತ್ತದೆ. ತಿಂಗಳಿಗೊಂದು ಹಾಳೆ: ಒಂದು ಬದಿಯಲ್ಲಿ ಮೂರು ಪ್ರಶ್ನೆ, ಇನ್ನೊಂದು ಬದಿಯಲ್ಲಿ ಹಿಂದಿನ ತಿಂಗಳ ಉತ್ತರ ಮತ್ತು ಬಿಡಿಸಿದ ಮಕ್ಕಳ ಹೆಸರು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಹುದಲ್ಲವೇ ಎಂದು ಕೇಳುತ್ತಾರೆ. ಕಳುಹಿಸಬಹುದು, ಆದರೆ ಅದು ಶುಭೋದಯದ ಚಿತ್ರಗಳ ನಡುವೆ ಮುಳುಗಿಹೋಗುತ್ತದೆ. ಶಾಲೆಯ ಸೂಚನಾ ಫಲಕದ ಮೇಲೆ ಅಂಟಿಸಿದ ಹಾಳೆಯ ಮುಂದೆ ಮಕ್ಕಳು ನಿಲ್ಲುತ್ತಾರೆ. ಅದರ ಜೊತೆಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದ ಪ್ರತಿಗಳು, 1965ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಭಾರತೀಯ ಗಣಿತ ಶಿಕ್ಷಕರ ಸಂಘದ ಪ್ರಕಟಣೆಗಳು, ಗಣಿತ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಒಂದು ಚೀಲದಲ್ಲಿ ಶಾಲೆಯಿಂದ ಶಾಲೆಗೆ ಸುತ್ತಬೇಕು.

ಸಭೆಯೆಂದರೆ ಸನ್ಮಾನವಲ್ಲ

ಸಭೆಯ ದಿನ ಹತ್ತು ಗಂಟೆಗೆ ಆರಂಭವಾಗಿ ಮೂರೂವರೆಗೆ ಮುಗಿಯಬೇಕು. ಕೊನೆಯ ಬಸ್ಸನ್ನು ಹಿಡಿಯಬೇಕಾದವರಲ್ಲಿ ಶಿಕ್ಷಕಿಯರೂ ಇದ್ದಾರೆ. ನಾಲ್ಕೂವರೆಯ ವಂದನಾರ್ಪಣೆಗೆ ಅವರು ಕುಳಿತಿರಬೇಕೆಂದು ಬಯಸುವುದು ನ್ಯಾಯವಲ್ಲ. ನಾನು ನೋಡಿದ ಒಂದು ತಾಲ್ಲೂಕು ಸಭೆಯಲ್ಲಿ, ಊರು ಹೇಳುವುದು ಬೇಡ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಹಾರ, ಶಾಲು, ಫಲತಾಂಬೂಲ, ಏಳು ಮಂದಿ ಅತಿಥಿಗಳ ಹಿತವಚನ ಮುಗಿಯುವಾಗ ಊಟದ ಗಂಟೆ ಬಾರಿಸಿತ್ತು. ವೃತ್ತದ ಸ್ಪರ್ಶಕಗಳನ್ನು ಕಲಿಸುವ ಬಗೆಯನ್ನು ತೋರಿಸಲು ರಟ್ಟಿನ ಮಾದರಿಗಳನ್ನು ಮಾಡಿಕೊಂಡು ಬಂದಿದ್ದ ತರುಣ ಶಿಕ್ಷಕಿಗೆ ಕೊನೆಗೆ ದೊರೆತುದು ಎಂಟು ನಿಮಿಷ. ಮರುವರ್ಷ ಆಕೆ ಬರಲಿಲ್ಲ. ಅದರ ಮರುವರ್ಷ ಸಭೆಯೇ ನಡೆಯಲಿಲ್ಲ.

ಸಭೆ ಹೇಗಿರಬೇಕೆಂಬುದಕ್ಕೆ ನಾವು ಹೊರಗೆ ಹುಡುಕಬೇಕಿಲ್ಲ. ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯ ಸಿಂಹಾಸನದ ಮೇಲೆ ಕುಳಿತ ಅಲ್ಲಮಪ್ರಭುಗಳು, ದೂರದಿಂದ ನಡೆದುಬಂದ ಅಕ್ಕಮಹಾದೇವಿಯನ್ನು ಎದುರುಗೊಂಡದ್ದು ಹಾರದಿಂದಲ್ಲ, ಪ್ರಶ್ನೆಯಿಂದ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅಂಬಿಗ, ಮಡಿವಾಳ, ಕಟ್ಟಿಗೆ ಮಾರುವವ ಎಲ್ಲರೂ ಅಲ್ಲಿ ಮಾತನಾಡಿದರು. ಗಣಿತದ ಸಭೆಯಲ್ಲಿಯೂ ಕಾಲೇಜಿನ ಪ್ರಾಧ್ಯಾಪಕರು ಮಾತನಾಡಲಿ, ಒಪ್ಪೋಣ. ಉಜಿರೆಯಂತಹ ವಿದ್ಯಾಕೇಂದ್ರ ಹತ್ತಿರದಲ್ಲಿಯೇ ಇದೆ, 1966ರಿಂದ ಅಲ್ಲಿ ಕಾಲೇಜು ನಡೆಯುತ್ತಿದೆ. ಆದರೆ ಐದನೆಯ ತರಗತಿಗೆ ಭಿನ್ನರಾಶಿ ಕಲಿಸುವ ಶಿಕ್ಷಕಿಯ ಮಾತು ಅದಕ್ಕೂ ಮೊದಲು ಕೇಳಿಬರಬೇಕು. ಮಗು ದಾರಿ ತಪ್ಪುವುದು ಅಲ್ಲಿಯೇ. ಒಬ್ಬರು ಒಂದು ಪಾಠವನ್ನು ನಲವತ್ತು ನಿಮಿಷ ಮಾಡಿ ತೋರಿಸುವುದು, ಮತ್ತೆ ಅಷ್ಟೇ ಹೊತ್ತು ಉಳಿದವರು ಅದನ್ನು ಒರೆಗೆ ಹಚ್ಚುವುದು. ಇಂತಹ ಎರಡು ಪಾಠಗಳಾದರೆ ಒಂದು ದಿನದ ಸಭೆ ಸಾರ್ಥಕ. ಮಧ್ಯಾಹ್ನದ ಊಟದ ನಂತರ ತಾವು ಬಿಡಿಸಲಾರದ ಲೆಕ್ಕವನ್ನು ನಾಚಿಕೆಯಿಲ್ಲದೆ ಮುಂದಿಡುವ ಒಂದು ಗಂಟೆ ಇರಲಿ. ಶಿಕ್ಷಕರಿಗೆ ನಾಲ್ಕು ಜನರೆದುರು 'ನನಗೆ ಇದು ಬರುವುದಿಲ್ಲ' ಎನ್ನಲು ಬೇರೆಲ್ಲಿಯೂ ಅವಕಾಶವಿಲ್ಲ.

ಹಣದ ಮಾತು

ಸಂಘಗಳು ಒಡೆಯುವುದು ಸಿದ್ಧಾಂತಕ್ಕಲ್ಲ, ರಶೀದಿಗೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಬೆಳಗಾವಿಯಲ್ಲಿ 1916ರ ನವೆಂಬರ್ 13ರಂದು ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದ ತರುಣ ಶಿಕ್ಷಕರೂ ಏಳೇ ಮಂದಿ ಎಂಬುದು ನಮ್ಮವರಿಗೆ ತಿಳಿದ ಸಂಗತಿ. ನೋಂದಣಿಯಾದ ಮೇಲೆ ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆದು ಲೆಕ್ಕಪತ್ರ ಮಂಡಿಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗಳಿಗೆ ಒಪ್ಪಿಸಬೇಕು. ಇದನ್ನು ಎರಡು ವರ್ಷ ಅಲಕ್ಷಿಸಿದರೆ ಮೂರನೆಯ ವರ್ಷ ಬ್ಯಾಂಕಿನ ಖಾತೆಗೆ ಸಹಿ ಯಾರದೆಂಬ ಜಗಳ ಬರುತ್ತದೆ. ಮೊದಲ ಎರಡು ವರ್ಷ ನೋಂದಣಿಯೇ ಇಲ್ಲದೆ ಹಾಳೆ ಹಂಚುತ್ತ, ಮೂರು ಸಭೆ ನಡೆಸುತ್ತ ಹೋಗಿ, ಬದುಕುವ ಲಕ್ಷಣ ಕಂಡ ಮೇಲೆ ನೋಂದಾಯಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಹಿರಿಯರೂ ಇದ್ದಾರೆ.

ಹಣ ಹೆಚ್ಚು ಬೇಕಿಲ್ಲ. ನಲವತ್ತು ಸದಸ್ಯರು ತಲಾ 300 ರೂಪಾಯಿ ಕೊಟ್ಟರೆ 12,000 ರೂಪಾಯಿ. ಮೂರು ಸಭೆಗಳಿಗೆ ಊಟ ಚಹಾ ಸೇರಿ ಸಭೆಗೆ 2,500ರಂತೆ ತೆಗೆದಿಟ್ಟರೆ 7,500. ಉಳಿದ 4,500ರಲ್ಲಿ ವರ್ಷದ ಹಾಳೆಗಳ ಪ್ರತಿ, ಸುತ್ತುವ ಚೀಲಕ್ಕೆ ಪುಸ್ತಕ. ಉಪ್ಪಿಟ್ಟು, ಅನ್ನ, ಸಾರು, ಮಜ್ಜಿಗೆಗೆ ಇಷ್ಟು ಸಾಕು. ಸಿಹಿ ಬೇಕೆನ್ನುವವರು ತಾವೇ ದಾಸೋಹ ಮಾಡಲಿ. ದಾನಿಗಳು ಹೆಚ್ಚು ಕೊಡಲು ಮುಂದೆ ಬಂದಾಗ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ಆಕೆ ಮರಳಿ ಕಳುಹಿಸಿದಳು. ಖಾತೆಯಲ್ಲಿ ಹಣ ಹೆಚ್ಚಿದಾಗ ಸಂಘಕ್ಕೆ ಫ್ಲೆಕ್ಸ್ ಮತ್ತು ಸ್ಮರಣ ಸಂಚಿಕೆಯ ಚಿಂತೆ ಹತ್ತುತ್ತದೆ; ಗಣಿತ ಹಿಂದೆ ಬೀಳುತ್ತದೆ.

ತಿಂಗಳ ಹಾಳೆಯ ಪ್ರಶ್ನೆಗಳು ಮಾತ್ರ ಆ ನೆಲದವೇ ಆಗಿರಬೇಕು. ಕರಾವಳಿಯ ಹಳೆಯ ಅಳತೆಯಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಅಕ್ಕಿ. ಬೈಹುಲ್ಲಿನ ಹಗ್ಗದಿಂದ ಬಿಗಿದ ಮುಡಿಯನ್ನು ಮಕ್ಕಳು ಮನೆಯ ಹಿರಿಯರಿಂದ ಕೇಳಿ ತಿಳಿಯಲಿ. ನಲವತ್ತೆರಡು ಸೇರನ್ನು ಎಷ್ಟು ಬಗೆಯಲ್ಲಿ ಸಮನಾಗಿ ಹಂಚಬಹುದೆಂದು ಲೆಕ್ಕ ಹಾಕಲಿ. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ಸಸಿ ನೆಟ್ಟರೆ ಎಕರೆಗೆ ಎಷ್ಟು ಸಸಿ? 43,560 ಚದರ ಅಡಿಯನ್ನು 81ರಿಂದ ಭಾಗಿಸಿದರೆ ಸುಮಾರು 537 ಬರುತ್ತದೆ. ಬೇಲಿಯ ಅಂಚನ್ನು ಬಿಟ್ಟರೆ ಎಷ್ಟು ಕಡಿಮೆಯಾದೀತೆಂದು ತೋಟದ ಮಗುವೇ ಶಿಕ್ಷಕರಿಗೆ ಹೇಳುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ ಶಾಲೆಯ ಮಾಡಿನಿಂದ ಒಂದು ರಾತ್ರಿಯಲ್ಲಿ ಇಳಿದ ನೀರೆಷ್ಟು ಎಂಬ ಲೆಕ್ಕಕ್ಕೆ ನೆರಿಯದಲ್ಲಿ ಜುಲೈ ತಿಂಗಳಿಗಿಂತ ಬೇರೆ ಉಪಕರಣ ಬೇಕಿಲ್ಲ.

ಮೊದಲ ಹಾಳೆಗೆ ಒಂದು ಪ್ರಶ್ನೆಯನ್ನು ಈ ಪತ್ರಿಕೆಯ ಓದುಗರ ಮನೆಗಳಿಗೂ ಕಳುಹಿಸುತ್ತಿದ್ದೇನೆ. ಗದಗಿನ ಕಡೆಯ ಶಿಕ್ಷಕರೊಬ್ಬರಿಗೆ ಊರಿನಲ್ಲಿ 3 ಎಕರೆ 25 ಗುಂಟೆ ಹೊಲವಿದೆ. ಅವರ ತರಗತಿಯಲ್ಲಿ ಕುಳಿತ ಹುಡುಗಿಯ ಮನೆಯವರಿಗೆ 3 ಎಕರೆ 60 ಸೆಂಟ್ಸ್ ತೋಟವಿದೆ. ಎಕರೆಗೆ ನಲವತ್ತು ಗುಂಟೆ, ನೂರು ಸೆಂಟ್ಸ್. ಯಾರ ಜಮೀನು ಹೆಚ್ಚು, ಎಷ್ಟು ಹೆಚ್ಚು? ಅರವತ್ತು ದೊಡ್ಡದೆಂದು ಒಮ್ಮೆಲೇ ಉತ್ತರಿಸುವ ಹಿರಿಯರನ್ನು ಮಕ್ಕಳು ತಿದ್ದಬಹುದು. ಎರಡೂ ಊರಿನ ಅಳತೆಯಲ್ಲಿ ಉತ್ತರ ಬರೆದು, ತಮ್ಮ ಶಾಲೆಯ ಗಣಿತ ಶಿಕ್ಷಕರ ಕೈಗೆ ಕೊಡಲಿ.